ನಾಲ್ಕು ದಿನ, ಹದಿನಾಲ್ಕು ವೈನರಿ: ಆಗುವ ಮಾತಾ?

ಹಿಂದಿನಸೀಟು:

ಮುಂದಿನ ತಿಂಗಳು ನಾವು ನಾಲ್ಕು ಜನ ಒಂದೇ ಕಾರಿನಲ್ಲಿ ಹೊರಡುತ್ತಿದ್ದೇವೆ. ನಾನು, ನಮ್ಮ ಯಜಮಾನರು, ತಮ್ಮ, ತಮ್ಮನ ಹೆಂಡತಿ. ನಾಲ್ಕು ದಿನ ಕೈಯಲ್ಲಿದೆ. ಮನೆಯವರೇ ಸೇರಿ ನಡೆಸುವ ಸಣ್ಣ ವೈನರಿಗಳಿಗೆ ಹೋಗಿ ರುಚಿ ನೋಡಬೇಕು ಅಂತ ಆಸೆ. ದೊಡ್ಡ ಕಂಪನಿಗಳ ಗಾಜಿನ ಕಟ್ಟಡ ಬೇಡ. ನಕ್ಷೆಯಲ್ಲಿ ಗುರುತು ಹಾಕುತ್ತಾ ಹೋದೆ, ಎಣಿಸಿದರೆ ಹದಿನಾಲ್ಕಾಗಿತ್ತು. ತಮ್ಮ ಅದನ್ನು ನೋಡಿ, "ಅಕ್ಕಾ, ಇದು ಟ್ರಿಪ್ಪಾ, ಜನಗಣತಿಯಾ?" ಅಂದ.

ದಿನಕ್ಕೆ ಎಷ್ಟು ಇಟ್ಟುಕೊಂಡರೆ ಸರಿ? ಇದು ಒಂದು ಪ್ರಶ್ನೆ. ಇನ್ನೊಂದು ಸ್ವಲ್ಪ ಮುಜುಗರದ್ದು. ನನಗೆ ವೈನ್ ಬಗ್ಗೆ ಏನೂ ಗೊತ್ತಿಲ್ಲ. ಕುಡಿದಿರುವುದೇ ಐದಾರು ಸಲ. ಮಾಡಿದವರೇ ಎದುರಿಗೆ ನಿಂತು "ಹೇಗಿದೆ?" ಅಂತ ಕೇಳಿದರೆ ಏನು ಹೇಳಲಿ? ರುಚಿ ನೋಡಿ ಉಗಿಯಬೇಕು ಅಂತ ಎಲ್ಲ ಕಡೆ ಬರೆದಿರುತ್ತಾರೆ. ಒಬ್ಬರ ಮನೆಗೆ ಹೋಗಿ, ಅವರು ಪ್ರೀತಿಯಿಂದ ಕೊಟ್ಟಿದ್ದನ್ನು ಅವರೆದುರೇ ಉಗಿಯೋದು ನನ್ನ ಕೈಲಾಗುವ ಕೆಲಸ ಅಲ್ಲ.

ತಮ್ಮ ಕುಡಿಯುವುದಿಲ್ಲ, ಕಾರು ಅವನೇ ಓಡಿಸುತ್ತಾನೆ. ಅವನಿಗೆ ಬೇಜಾರಾಗುತ್ತಾ ಅನ್ನುವುದೂ ಒಂದು ಯೋಚನೆ.

ಒಗರುನಾಲಿಗೆ:

ನಾನೂ ಇದೇ ತಪ್ಪು ಮಾಡಿದವನು. ಮೂರು ದಿನಕ್ಕೆ ಒಂಬತ್ತು ಇಟ್ಟುಕೊಂಡಿದ್ದೆ. ಆಗ ಇಟ್ಟ ನೋಟ್ ಪುಸ್ತಕ ಇನ್ನೂ ಇದೆ. ಮೊದಲನೇ ವೈನರಿಯ ಪುಟದಲ್ಲಿ "ಹಸಿರು ಸೇಬು, ನಿಂಬೆ ಸಿಪ್ಪೆ, ಮಳೆ ಬಿದ್ದ ಕಲ್ಲಿನ ವಾಸನೆ" ಅಂತೆಲ್ಲ ಕವಿತೆ ಇದೆ. ಆರನೆಯದಕ್ಕೆ ಬಂದರೆ "ಕೆಂಪು. ಚೆನ್ನಾಗಿದೆ." ಎಂಟನೆಯದಕ್ಕೆ ಬರೀ "ಕೆಂಪು." ಒಂಬತ್ತನೇ ಪುಟದಲ್ಲಿ ಕಲೆ ಮಾತ್ರ ಇದೆ.

ನಾಲಿಗೆ ಸುಸ್ತಾಗುತ್ತದೆ. ಇದು ಅನುಭವ ಬಂದವರಿಗೂ ಆಗುತ್ತದೆ. ದಿನಕ್ಕೆ ಎರಡು ಸಾಕು. ಬೆಳಗ್ಗೆ ಹತ್ತೂವರೆಗೆ ಒಂದು, ಮಧ್ಯಾಹ್ನ ಊಟ ಮುಗಿಸಿ ಮೂರು ಗಂಟೆಗೆ ಇನ್ನೊಂದು. ನಾಲಿಗೆ ಬೆಳಗ್ಗೆಯೇ ಚುರುಕಾಗಿರುತ್ತದೆ. ಆದರೆ ಹಲ್ಲುಜ್ಜಿದ ಕೂಡಲೇ ಹೋಗಬೇಡಿ, ಪೇಸ್ಟಿನ ರುಚಿ ಬಾಯಲ್ಲಿದ್ದರೆ ಎಂಥ ವೈನೂ ಕೆಟ್ಟದಾಗಿ ಕಾಣುತ್ತದೆ. ಸೆಂಟ್ ಹಾಕಿಕೊಳ್ಳಬೇಡಿ. ನಿಮ್ಮದು ಮಾತ್ರ ಅಲ್ಲ, ಪಕ್ಕದವರ ಮೂಗೂ ಹಾಳು.

ಉಗಿಯುವ ವಿಚಾರಕ್ಕೆ ಬರೋಣ. ಲೆಕ್ಕ ಹಾಕಿ. ಒಂದು ಸಲಕ್ಕೆ ಸುಮಾರು 30 ಎಂ.ಎಲ್. ಹಾಕುತ್ತಾರೆ ಅಂತಿಟ್ಟುಕೊಳ್ಳಿ. ಆರು ವೈನ್ ಅಂದರೆ 180. ಮೂರು ವೈನರಿ ಅಂದರೆ 540, ಅಂದರೆ ಮುಕ್ಕಾಲು ಬಾಟಲಿಗೆ ಹತ್ತಿರ. ಗುಟುಕು ಗುಟುಕಾಗಿ ಹೋಗುವುದರಿಂದ ಗೊತ್ತೇ ಆಗಲ್ಲ. ಇನ್ನು ಅವಮಾನದ ಮಾತು. ನಾನು ಹೋದ ಕಡೆ ಒಬ್ಬ ಅಜ್ಜಿ ಸುರಿದು ಕೊಡುತ್ತಿದ್ದರು. ನಾನು ಸಂಕೋಚದಲ್ಲಿ ನುಂಗುತ್ತಾ ನಿಂತಿದ್ದೆ. ಅವರು ತಮ್ಮ ಲೋಟದಿಂದ ಒಂದು ಗುಟುಕು ತಗೊಂಡು, ಬಾಯಿ ತುಂಬ ಓಡಾಡಿಸಿ, ಎರಡು ಅಡಿ ದೂರದ ಪೀಕದಾನಿಗೆ ಗುರಿ ಇಟ್ಟು ಒಂದೇ ಎಳೆಯಲ್ಲಿ ಉಗಿದರು. ಒಂದು ಹನಿ ಆಚೆ ಬೀಳಲಿಲ್ಲ. ಆಮೇಲೆ ಪೀಕದಾನಿಯನ್ನು ನನ್ನ ಕಡೆ ತಳ್ಳಿದರು. ಅವರದೇ ವೈನನ್ನು ಅವರೇ ಉಗಿಯುವಾಗ ನಮ್ಮದೇನು? ಅವರಿಗೆ ತಲೆನೋವು ಅಂದರೆ ಅಮಲೇರಿ ಲೋಟ ಒಡೆಯುವ ಅತಿಥಿ, ಉಗಿಯುವವನಲ್ಲ. ಮನೆಯಲ್ಲಿ ಬಚ್ಚಲಿನ ಮುಂದೆ ನೀರಿನಲ್ಲಿ ಅಭ್ಯಾಸ ಮಾಡಿಕೊಂಡು ಹೋಗಿ. ನಾನು ಮಾಡಲಿಲ್ಲ, ನನ್ನ ಬಿಳಿ ಅಂಗಿಗೆ ಗೊತ್ತು.

ಏನು ಹೇಳುವುದು ಅಂದಿರಿ. ವೈನ್ ಪಂಡಿತರ ಭಾಷೆಗೆ ಹೋಗಲೇಬೇಡಿ, ನಮ್ಮಲ್ಲಿ ಒಳ್ಳೆಯ ಪದಗಳೇ ಇವೆ. ಎರಡನ್ನು ಹಿಡಿದುಕೊಳ್ಳಿ: ಹುಳಿ, ಒಗರು. ನುಂಗಿದ ಮೇಲೆ, ಅಥವಾ ಉಗಿದ ಮೇಲೆ, ಬಾಯಲ್ಲಿ ನೀರೂರಿದರೆ ಅದು ಹುಳಿ. ನಾಲಿಗೆ, ಒಸಡು ಎಲ್ಲ ಒಣಗಿ ಬಿಗಿದ ಹಾಗಾದರೆ ಅದು ಒಗರು. ಪಂಡಿತರು ಟ್ಯಾನಿನ್ ಅಂತಾರಲ್ಲ, ಒಗರು ಬರುವುದು ಅದರಿಂದಲೇ. ಸಿಪ್ಪೆ, ಬೀಜ, ಮರದ ಬ್ಯಾರೆಲ್‌ನಿಂದ ಬರುತ್ತದೆ, ಎಂಜಲಿನ ಪ್ರೊಟೀನಿಗೆ ಅಂಟಿಕೊಂಡು ಬಾಯಿಯ ಜಾರುವಿಕೆ ತೆಗೆದುಬಿಡುತ್ತದೆ. ಕಡು ಚಹಾ ಕುಡಿದ ಹಾಗೆ. "ಇದು ಹುಳಿ ಜಾಸ್ತಿ, ಅದು ಒಗರು ಜಾಸ್ತಿ, ನನಗೆ ಅದು ಇಷ್ಟ" ಅಂತ ಹೇಳಿದರೆ ಯಾವ ವೈನ್ ಮಾಡುವವರಿಗೂ ಖುಷಿ. ಮಾತು ನಿಂತರೆ "ಈ ವರ್ಷ ಮಳೆ ಹೇಗಿತ್ತು?" ಅಂತ ಕೇಳಿ. ಅವರು ಮೊದಲು ರೈತರು, ಅರ್ಧ ಗಂಟೆ ಮಾತಾಡುತ್ತಾರೆ.

ಮುಂಚೆ ಫೋನ್ ಮಾಡದೆ ಹೋಗಲೇಬೇಡಿ. ಬಳ್ಳಿ ಸವರುವವರು, ಟ್ರ್ಯಾಕ್ಟರ್ ಓಡಿಸುವವರು, ಲೇಬಲ್ ಅಂಟಿಸುವವರು, ನಿಮಗೆ ಸುರಿದು ಕೊಡುವವರು ಎಲ್ಲ ಅದೇ ಇಬ್ಬರು. ಕೊಯ್ಲಿನ ಸಮಯದಲ್ಲಂತೂ (ಭೂಮಧ್ಯರೇಖೆಯ ಉತ್ತರಕ್ಕೆ ಹೆಚ್ಚಾಗಿ ಆಗಸ್ಟ್‌ನಿಂದ ಅಕ್ಟೋಬರ್, ದಕ್ಷಿಣಕ್ಕೆ ಫೆಬ್ರವರಿಯಿಂದ ಏಪ್ರಿಲ್) ಅವರಿಗೆ ತಲೆ ಕೆರೆದುಕೊಳ್ಳಲೂ ಪುರಸೊತ್ತಿರಲ್ಲ. ಆದರೂ ಬನ್ನಿ ಅಂದರೆ ಬಿಡಬೇಡಿ. ನಾನು ಹೇಳಿದ ಅಜ್ಜಿಯ ಮನೆಗೆ ಹೋಗಿದ್ದು ಆಗಲೇ. ಒಳಗೆ ಕರೆದುಕೊಂಡು ಹೋಗುವ ಮುಂಚೆ ಎರಡೂ ಬಾಗಿಲು ತೆರೆದು, ಫ್ಯಾನ್ ಹಾಕಿ, ನಮ್ಮನ್ನು ಹೊರಗೇ ಕಾಯಿಸಿದರು. ರಸ ಹುದುಗುವಾಗ ಬರುವ ಇಂಗಾಲದ ಡೈಆಕ್ಸೈಡ್ ಗಾಳಿಗಿಂತ ಭಾರ, ನೆಲದ ಮಟ್ಟದಲ್ಲಿ ಸೇರಿಕೊಳ್ಳುತ್ತದೆ, ಕಣ್ಣಿಗೆ ಕಾಣಲ್ಲ, ಜೀವ ತೆಗೆಯುತ್ತದೆ. ಒಳಗೆ ತೊಟ್ಟಿಯಲ್ಲಿ ಸಿಪ್ಪೆಯೆಲ್ಲ ಮೇಲೆ ತೇಲಿ ಮುಚ್ಚಳದ ಹಾಗೆ ಗಟ್ಟಿಯಾಗಿ ಕೂತಿತ್ತು. ಕಿವಿ ಹತ್ತಿರ ಇಟ್ಟರೆ ಸಣ್ಣಗೆ ಚಿಟಚಿಟ ಅನ್ನುತ್ತಿತ್ತು. ಅಜ್ಜಿ ಒಂದು ಕಪ್ಪು ದ್ರಾಕ್ಷಿ ತಗೊಂಡು ಬಿಳಿ ಬಸಿಯ ಮೇಲೆ ಹಿಂಡಿದರು. ಬಿದ್ದ ರಸಕ್ಕೆ ಬಣ್ಣವೇ ಇಲ್ಲ! ಕೆಂಪೆಲ್ಲ ಸಿಪ್ಪೆಯದು. ಅದಕ್ಕೇ ಆ ಮುಚ್ಚಳವನ್ನು ದಿನಕ್ಕೆ ಎರಡು ಮೂರು ಸಲ ಕೆಳಗೆ ಒತ್ತಿ ರಸದಲ್ಲಿ ಮುಳುಗಿಸಬೇಕು. ಆ ಕೋಲು ನನ್ನ ಕೈಗೆ ಕೊಟ್ಟರು. ಎರಡು ನಿಮಿಷಕ್ಕೆ ತೋಳು ಸೋತಿತು. ಅವರ ವಯಸ್ಸು ಕೇಳುವ ಧೈರ್ಯ ಆಗಲಿಲ್ಲ.

ನೋಟ್ ಪುಸ್ತಕದಲ್ಲಿ ಇದನ್ನು ಬರೆದಿಲ್ಲ, ಆದರೆ ಆ ಪ್ರವಾಸದಲ್ಲಿ ಪೂರ್ತಿ ನೆನಪಿರುವುದು ಇದೊಂದೇ.

ಡಿಕ್ಕಿತುಂಬ:

ನಾನು ಬಾಟಲಿ ಬಗ್ಗೆ ಮಾತ್ರ ಹೇಳುತ್ತೇನೆ. ಮೊದಲ ದಿನವೇ ಹನ್ನೊಂದು ಬಾಟಲಿ ತಗೊಂಡು ಡಿಕ್ಕಿಗೆ ಹಾಕಿದೆ. ಬಿಸಿಲಲ್ಲಿ ಕಾರು ನಿಲ್ಲಿಸಿ ಊಟ, ಆಮೇಲೆ ಸುಮ್ನೆ ಒಂದು ಸುತ್ತು. ಬಂದು ಡಿಕ್ಕಿ ತೆರೆದರೆ ಹಣ್ಣಿನ ಪಾಕದ ವಾಸನೆ. ಮೂರು ಬಾಟಲಿಯ ಕಾರ್ಕ್ ಅರ್ಧ ಬೆರಳಷ್ಟು ಮೇಲೆ ಬಂದಿತ್ತು, ಕತ್ತಿನ ಸುತ್ತ ಅಂಟಂಟು. ಬಿಸಿಗೆ ವೈನ್ ಹಿಗ್ಗುತ್ತದೆ, ಕಾರ್ಕನ್ನು ತಳ್ಳುತ್ತದೆ. ಉಳಿದ ಎಂಟು ನೋಡೋಕೆ ಸರಿ ಇದ್ದವು. ಎರಡು ತಿಂಗಳ ನಂತರ ತೆರೆದರೆ ಹಣ್ಣಿನ ಪರಿಮಳ ಹೋಗಿ ಬೇಯಿಸಿದ ಜಾಮ್ ಆಗಿತ್ತು.

ಥರ್ಮಾಕೋಲ್ ಪೆಟ್ಟಿಗೆ ತಗೊಂಡು ಹೋಗಿ. ಬಾಟಲಿ ಎ.ಸಿ. ಇರುವ ಕಡೆ, ಕಾಲ ಹತ್ತಿರ ಇಡಿ. ರಾತ್ರಿ ರೂಮಿಗೆ ಎತ್ತಿಕೊಂಡು ಹೋಗಿ. ಆದಷ್ಟು ಕೊನೆಯ ದಿನವೇ ತಗೊಳ್ಳಿ. ಆ ಮನೆಯವರು ಎರಡು ವರ್ಷ ಸಾಕಿದ್ದನ್ನು ನಾನು ಎರಡು ಗಂಟೆಯಲ್ಲಿ ಕೊಂದೆ. ಅವರಿಗೆ ಇವತ್ತಿಗೂ ಹೇಳಿಲ್ಲ.

ಸ್ಟೀರಿಂಗ್‌ರಾಯ:

ನಿಮ್ಮ ತಮ್ಮನ ಜಾತಿಯವನು ನಾನು, ಅಂದರೆ ಕುಡಿಯದೆ ಓಡಿಸುವವನು. ಅವರಿಗೆ ಬೇಜಾರಾಗಲ್ಲ, ಒಂದು ಲೋಟ ಕೊಡಿಸಿ ಅಷ್ಟೇ. ರುಚಿ ಅಂತ ನಾವು ಅನ್ನುವುದರಲ್ಲಿ ದೊಡ್ಡ ಪಾಲು ಮೂಗಿನದು. ಮೂಸುವುದಕ್ಕೆ ಅಮಲೇರಲ್ಲ.

ಒಂದು ಸಲ ನಮ್ಮ ಗುಂಪಿನ ಮೂವರೂ ಒಂದು ಕೆಂಪು ವೈನ್ ಕುಡಿದು "ಆಹಾ, ಎಂಥ ಆಳ" ಅಂದರು. ನಾನು ಮೂಸಿದೆ. ಮಳೆಗಾಲದಲ್ಲಿ ನೆನೆದ ರಟ್ಟಿನ ಪೆಟ್ಟಿಗೆಯ ಮುಗ್ಗಲು ವಾಸನೆ. ಕುಡಿಯದವನು ಏನು ಮಾತಾಡೋದು ಅಂತ ಸುಮ್ಮನಿದ್ದೆ. ಆದರೂ ಬಾಯಿ ತಡೆಯಲಿಲ್ಲ, ಹೇಳಿಬಿಟ್ಟೆ. ಆ ಮನೆಯ ಮಗ ನನ್ನ ಲೋಟ ತಗೊಂಡು ಒಂದು ಸಲ ಮೂಸಿ, ಮುಖ ಕಿವುಚಿ, ಬಾಟಲಿಯನ್ನು ಹಾಗೇ ಪಕ್ಕಕ್ಕಿಟ್ಟು ಹೊಸದು ತೆರೆದ. ಕಾರ್ಕ್‌ನಲ್ಲಿ ಟಿಸಿಎ ಅನ್ನುವ ರಾಸಾಯನಿಕ ಸೇರಿಕೊಂಡರೆ ಹೀಗಾಗುತ್ತದಂತೆ, ಕುಡಿದರೆ ಅಪಾಯ ಏನಿಲ್ಲ, ಹಣ್ಣಿನ ಪರಿಮಳ ಮಾತ್ರ ಸತ್ತುಹೋಗುತ್ತದೆ. ಆಮೇಲೆ ಅವನು ಪ್ರತಿ ಬಾಟಲಿ ತೆರೆದಾಗಲೂ ಮೊದಲು ನನಗೇ ಮೂಸಲು ಕೊಟ್ಟ. "ಆಳ" ಅಂದಿದ್ದ ಮೂವರೂ ಕಾರಿನಲ್ಲಿ ನನ್ನ ಹತ್ತಿರ ಮಾತಾಡಲಿಲ್ಲ.

ದಿನಕ್ಕೆ ಎರಡು ಅನ್ನುವುದನ್ನು ನಾನು ಪೂರ್ತಿ ಒಪ್ಪಲ್ಲ. ಒಂದು ಕಡೆ ತೋಟ ಮಾತ್ರ ಸುತ್ತುವುದಾದರೆ ಮೂರೂ ಆಗುತ್ತದೆ. ಬಳ್ಳಿಯ ಬುಡದಲ್ಲಿ ಒಂದು ಗಂಟು ಇರುತ್ತದೆ, ನೋಡಿ. ಅದು ಕಸಿ ಕಟ್ಟಿದ ಜಾಗ. 1860ರ ದಶಕದಲ್ಲಿ ಬೇರು ತಿನ್ನುವ ಫಿಲೋಕ್ಸೆರಾ ಅನ್ನುವ ಕೀಟ ಅಮೆರಿಕದಿಂದ ಬಂದು ಯುರೋಪಿನ ತೋಟಗಳನ್ನು ಬೋಳು ಮಾಡಿತು. ಕೊನೆಗೆ ಆ ಕೀಟವನ್ನು ತಡೆದುಕೊಳ್ಳುವ ಅಮೆರಿಕದ ಬೇರಿನ ಮೇಲೇ ಯುರೋಪಿನ ಬಳ್ಳಿ ಕಸಿ ಮಾಡಿ ಉಳಿಸಿಕೊಂಡರು. ಇವತ್ತಿಗೂ ಹೆಚ್ಚಿನ ಕಡೆ ಅದೇ ಪದ್ಧತಿ. ಬಗ್ಗಿ ಆ ಗಂಟು ಮುಟ್ಟಿದ್ದು ನನಗೆ ಯಾವ ವೈನ್‌ಗಿಂತ ಜಾಸ್ತಿ ಖುಷಿ ಕೊಟ್ಟಿತು. ಕುಡಿಯದವನ ಮಾತು, ಬಿಡಿ.

ಹಿಂದಿನಸೀಟು:

ತಮ್ಮನಿಗೆ ಓದಿ ಹೇಳಿದೆ, ಈಗಲೇ ಮೂಗು ಮೇಲೆತ್ತಿಕೊಂಡು ಓಡಾಡುತ್ತಿದ್ದಾನೆ. ಹದಿನಾಲ್ಕನ್ನು ಏಳಕ್ಕೆ ಇಳಿಸಿದ್ದೇನೆ. ಒಂದು ಅನುಮಾನ ಉಳಿದಿದೆ. ಅಷ್ಟು ಹೊತ್ತು ಕೂತು, ಆರು ವೈನ್ ರುಚಿ ನೋಡಿ, ಏನೂ ತಗೊಳ್ಳದೆ ಎದ್ದು ಬರೋದು ಹೇಗೆ? ನನ್ನ ಕಾಲು ಬಾಗಿಲು ದಾಟಲ್ಲ.

ಒಗರುನಾಲಿಗೆ:

ದಾಕ್ಷಿಣ್ಯಕ್ಕೆ ಬಸಿರಾದ ಹಾಗೆ ಆಗಬೇಡಿ. ಆ ಒಂಬತ್ತು ಕಡೆಯೂ ಎರಡೆರಡು ತಂದೆ ನಾನು. ಅದರಲ್ಲಿ ಇಷ್ಟಪಟ್ಟು ಕುಡಿದಿದ್ದು ಐದು.

ರುಚಿಗೆ ಶುಲ್ಕ ಇದೆಯಾ ಅಂತ ಫೋನಿನಲ್ಲೇ ಕೇಳಿ. ಇದ್ದರೆ ಕೊಡಿ, ಲೆಕ್ಕ ಚುಕ್ತಾ. ಎಷ್ಟೋ ಕಡೆ ಬಾಟಲಿ ತಗೊಂಡರೆ ಅದನ್ನು ಬಿಟ್ಟುಬಿಡುತ್ತಾರೆ. ಶುಲ್ಕ ಇಲ್ಲದ ಕಡೆ, ಮನೆಯವರು ತಮ್ಮ ಸಮಯ ಕೊಟ್ಟ ಕಡೆ, ನಾಲ್ವರೂ ಸೇರಿ ಒಂದು ಬಾಟಲಿ ತಗೊಳ್ಳಿ. ಅಂಗಡಿಯಲ್ಲಿ ಸಿಗದ್ದು ಯಾವುದು ಅಂತ ಕೇಳಿ ಅದನ್ನೇ ತಗೊಳ್ಳಿ. 225 ಲೀಟರಿನ ಒಂದು ಬ್ಯಾರೆಲ್‌ಗೆ ಬರುವುದು 300 ಬಾಟಲಿ. "ಎರಡೇ ಬ್ಯಾರೆಲ್ ಮಾಡಿದ್ದು" ಅಂದರೆ ಪ್ರಪಂಚದಲ್ಲೇ ಅದು 600 ಬಾಟಲಿ. ಇಷ್ಟವಾಗದಿದ್ದರೆ "ತುಂಬ ಥ್ಯಾಂಕ್ಸ್, ಮಳೆಯ ಕತೆ ಚೆನ್ನಾಗಿತ್ತು" ಅಂದು ಎದ್ದುಬನ್ನಿ.

ಹಿಂದಿನಸೀಟು (ಪ್ರವಾಸ ಮುಗಿಸಿ):

ಬಂದೆವು! ಏಳರಲ್ಲಿ ಆರಾಯಿತು. ಒಂದು ಕಡೆ ಮಾತು ಮುಗಿಯಲಿಲ್ಲ, ಅಲ್ಲೇ ಸಂಜೆಯಾಯಿತು.

ಉಗಿದೆ. ಮೊದಲನೇ ಸಲ ಗಲ್ಲದ ಮೇಲೆ, ಎರಡನೇ ಸಲ ಪೀಕದಾನಿಯ ಅಂಚಿಗೆ, ಮೂರನೇ ಮನೆಯ ಹೊತ್ತಿಗೆ ಒಳಗೆ. ತಮ್ಮನ ಹೆಂಡತಿ ಮೊದಲನೇ ಸಲವೇ ಸರಿಯಾಗಿ ಉಗಿದಳು, ಎಲ್ಲಿ ಕಲಿತಳೋ ಕೇಳಬೇಡಿ ಅಂದಳು.

ಮಾನ ಹೋಗಿದ್ದು ನಮ್ಮ ಯಜಮಾನರಿಂದ. ಬಿಳಿ ವೈನಿನ ಲೋಟದ ತಳದಲ್ಲಿ ಮಿರಮಿರ ಮಿಂಚುವ ಹರಳು ಕಂಡು, "ಗಾಜಿನ ಚೂರು ಬಿದ್ದಿದೆ" ಅಂತ ಕೂಗಿಬಿಟ್ಟರು. ಆ ಮನೆಯಾಕೆ ನಕ್ಕು, ನಮ್ಮನ್ನೆಲ್ಲ ಹಿಂದಿನ ಟ್ಯಾಂಕಿಗೆ ಕರೆದುಕೊಂಡು ಹೋದರು. ಖಾಲಿ ಟ್ಯಾಂಕಿನ ಒಳಗೋಡೆಗೆ ಅದೇ ಹರಳು ದಪ್ಪ ಪದರವಾಗಿ ಅಂಟಿತ್ತು. ಉಗುರಿನಲ್ಲಿ ಕೆರೆದು ನನ್ನ ಅಂಗೈಗೆ ಹಾಕಿದರು. ದ್ರಾಕ್ಷಿಯ ಹುಳಿಯೇ ತಂಪಿಗೆ ಹರಳಾಗುವುದಂತೆ. ಕೇಕಿಗೆ ಹಾಕುವ ಕ್ರೀಮ್ ಆಫ್ ಟಾರ್ಟರ್ ಅನ್ನುವುದು ಇದನ್ನೇ ಶುದ್ಧ ಮಾಡಿದ್ದು. ನಾಲಿಗೆಗೆ ಇಟ್ಟುಕೊಂಡೆ, ಬಾಯಲ್ಲಿ ನೀರೂರಿತು. "ಹುಳಿ" ಅಂದೆ. ಸರಿಯುತ್ತರ!

ಐದು ಬಾಟಲಿ ಥರ್ಮಾಕೋಲ್ ಪೆಟ್ಟಿಗೆಯಲ್ಲೇ ಬಂದವು, ಈಗ ಮಂಚದ ಕೆಳಗೆ ಕತ್ತಲಲ್ಲಿ ಮಲಗಿವೆ. ಯಜಮಾನರು ಇವತ್ತೇ ಒಂದು ತೆರೆಯೋಣ ಅಂತಿದ್ದಾರೆ. ತೆರೆಯಬಹುದಾ?

ಡಿಕ್ಕಿತುಂಬ:

ಬೇಡ. ದಾರಿಯಲ್ಲಿ ಕುಲುಕಾಡಿ ಬಂದಿದೆ, ಒಂದೆರಡು ವಾರ ಬಿಡಿ. ಮಂಚದ ಮೇಲೆ ಯಜಮಾನರನ್ನು ಮಲಗಿಸಿ ಕಾವಲಿಡಿ.