ಹಿಯರ್, ಲಿಸನ್ ಮತ್ತು ನಮ್ಮ ‘ಕೇಳು’

ಫೋನಿನಲ್ಲಿ ಎಷ್ಟೋ ಜನ “ಆರ್ ಯು ಲಿಸನಿಂಗ್ ಮೈ ವಾಯ್ಸ್?” ಅಂತಾರೆ. ಅವರ ಮನಸ್ಸಿನಲ್ಲಿರುವುದು “ನನ್ನ ಮಾತು ಕೇಳಿಸ್ತಾ ಇದೆಯಾ?” ಅನ್ನೋದು. ಆದರೆ ಆ ಕಡೆಯವರಿಗೆ “ನಾನು ಹೇಳೋದನ್ನ ಗಮನ ಇಟ್ಟು ಕೇಳ್ತಿದ್ದೀರಾ, ಇಲ್ವಾ?” ಅಂತ ಗದರಿದ ಹಾಗೆ ಕೇಳಿಸಬಹುದು. ಅಲ್ಲಿ ಬೇಕಾಗಿದ್ದದ್ದು “ಕ್ಯಾನ್ ಯು ಹಿಯರ್ ಮಿ?”

ತೊಡಕು ಶುರುವಾಗುವುದು ನಮ್ಮ ‘ಕೇಳು’ ಪದದಿಂದ. ಹಾಡು ಕೇಳ್ತೀವಿ, ದಾರಿ ಕೇಳ್ತೀವಿ, ಅಮ್ಮ ಹೇಳಿದ ಮಾತು ಕೇಳ್ತೀವಿ. ಇಂಗ್ಲಿಷಿನ ಹಿಯರ್, ಲಿಸನ್, ಆಸ್ಕ್ ಮೂರನ್ನೂ ನಮ್ಮದೊಂದೇ ಪದ ಹೊತ್ತುಕೊಂಡಿದೆ. ತಮಿಳು, ತುಳುವಿನಲ್ಲೂ ಹೀಗೇ. ತೆಲುಗಿನವರು ಮಾತ್ರ ಆಲಿಸುವುದಕ್ಕೆ ‘ವಿನು’, ಪ್ರಶ್ನೆಗೆ ‘ಅಡುಗು’ ಅಂತ ಬೇರೆ ಮಾಡಿಕೊಂಡಿದ್ದಾರೆ.

ಆದರೆ ಹಿಯರ್ ಮತ್ತು ಲಿಸನ್ ನಡುವಿನ ವ್ಯತ್ಯಾಸ ನಮಗೆ ಹೊಸದೇನಲ್ಲ. “ನನಗೆ ಕೇಳಿಸಿತು” ಬೇರೆ, “ನಾನು ಕೇಳಿದೆ” ಬೇರೆ, ಅಲ್ವಾ? ಮೊದಲನೆಯದು ತಾನಾಗಿ ಕಿವಿಗೆ ಬಿದ್ದದ್ದು, ಅದು ಹಿಯರ್. ಎರಡನೆಯದು ನಾವೇ ಕಿವಿಗೊಟ್ಟದ್ದು, ಅದು ಲಿಸನ್. ಕಲಿಯುವವರಿಗೆ ಇಂಗ್ಲಿಷ್ ವಿವರಣೆ ಬಾಯಿಪಾಠ ಮಾಡಿಸುವುದಕ್ಕಿಂತ ಈ ‘ನನಗೆ’, ‘ನಾನು’ ತೋರಿಸುವುದೇ ಸರಿ ಅಂತ ನನಗೆ ಗಟ್ಟಿಯಾಗಿ ಅನಿಸುತ್ತದೆ. ಸೀ ಮತ್ತು ಲುಕ್‌ಗೂ ಇದೇ ಗುರುತು ನಡೆಯುತ್ತದೆ. ನನಗೆ ಬೆಟ್ಟ ಕಾಣಿಸಿತು ಅಂದರೆ ಸೀ, ನಾನು ಬೆಟ್ಟದ ಕಡೆ ನೋಡಿದೆ ಅಂದರೆ ಲುಕ್. ಕುಂದಾಪುರದ ಕಡೆಯವರು “ಇಲ್ಲ್ ಕಾಣಿ” (ಇಲ್ಲಿ ನೋಡಿ) ಅಂತ ನೋಡುವುದಕ್ಕೂ ‘ಕಾಣು’ ಬಳಸುತ್ತಾರೆ. ಹಾಗಾಗಿ ಕ್ರಿಯಾಪದ ಬಿಟ್ಟು ‘ನನಗೆ’ ಬರುತ್ತದೋ ಇಲ್ಲವೋ ಅಂತ ನೋಡುವುದು ಒಳ್ಳೆಯದು.

ಇದು ಎಲ್ಲ ಕಡೆ ನಡೆಯುವುದಿಲ್ಲ. “ಸುದ್ದಿ ಕೇಳಿದೆ” ಅನ್ನುವುದಕ್ಕೆ ಹರ್ಡ್ ಅನ್ನಬೇಕು. ಡಾಕ್ಟರನ್ನ ನೋಡುವುದಕ್ಕೆ ಸೀ. ಟಿವಿ, ಕ್ರಿಕೆಟ್ ಮ್ಯಾಚಿಗೆ ವಾಚ್. ಇವನ್ನು ಬಳಸುತ್ತಲೇ ಕಲಿಯಬೇಕು.

ಇನ್ನೊಂದು ಕಡೆಯೂ ಜಾಸ್ತಿ ಜನ ಎಡವುತ್ತಾರೆ. “ಕೇಳಿಸ್ತಾ ಇದೆ” ಅನ್ನುವುದನ್ನು ಹಾಗೇ ಎತ್ತಿಕೊಂಡು “ಐ ಆಮ್ ಹಿಯರಿಂಗ್ ಯು” ಅಂತಾರೆ. ಕೇಳಿಸುವುದು, ಕಾಣಿಸುವುದರ ವಿಷಯದಲ್ಲಿ ನಮ್ಮ ‘ತಾ ಇದೆ’ ಇರುವ ಕಡೆ ಇಂಗ್ಲಿಷ್ ಸಾಮಾನ್ಯವಾಗಿ ‘ಕ್ಯಾನ್’ ಬಳಸುತ್ತದೆ: “ಐ ಕ್ಯಾನ್ ಹಿಯರ್ ಯು.” ಕಾಣಿಸ್ತಾ ಇದೆ ಅನ್ನುವುದಕ್ಕೂ ಹಾಗೇ, “ಐ ಕ್ಯಾನ್ ಸೀ ಇಟ್.” ‘ಟು’ ವಿಷಯದಲ್ಲಂತೂ ಅದಲುಬದಲು ಆಗಿಬಿಡುತ್ತದೆ. “ಅವನಿಗೆ ಕೇಳು” ಅನ್ನುವ ರೂಢಿ ಇರುವವರು “ಆಸ್ಕ್ ಟು ಹಿಮ್” ಅಂತಾರೆ, ಅಲ್ಲಿ ‘ಟು’ ಬೇಡ. “ಲಿಸನ್ ಮಿ” ಅನ್ನುವಾಗ ಬಿಟ್ಟುಬಿಡುತ್ತಾರೆ, ಅಲ್ಲಿ ಬೇಕೇ ಬೇಕು.

ನುಡಿಗಟ್ಟುಗಳಲ್ಲಿ ಮಾತ್ರ ಎರಡೂ ಭಾಷೆ ಹತ್ತಿರ ಬರುತ್ತವೆ. ಸಾಮಾನಿನ ಮೇಲೆ ಕಣ್ಣಿಟ್ಟಿರು ಅನ್ನುವುದಕ್ಕೆ ಅವರೂ “ಕೀಪ್ ಆ್ಯನ್ ಐ ಆನ್ ಇಟ್” ಅಂತಾರೆ. “ಟರ್ನ್ ಎ ಡೆಫ್ ಇಯರ್” ಅಂದರೆ ನಮ್ಮ ಜಾಣಕಿವುಡು. ಮಾತು ಕಿವಿಗೆ ಬಿದ್ದಿರುತ್ತದೆ, ಆದರೆ ಕಿವಿಗೊಟ್ಟಿರುವುದಿಲ್ಲ. ಹಿಯರ್ ಇದ್ದೂ ಲಿಸನ್ ಇಲ್ಲದಿರುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಈಗ ನನ್ನ ಪ್ರಶ್ನೆ. ಮೂಗಿನ ವಿಷಯಕ್ಕೆ ಬಂದರೆ ಲೆಕ್ಕ ತಿರುಗುಮುರುಗು. ನಮ್ಮಲ್ಲಿ ‘ಮೂಸು’ ಬೇರೆ, ‘ವಾಸನೆ ಬರು’ ಬೇರೆ. ಇಂಗ್ಲಿಷಿನಲ್ಲಿ ಎರಡಕ್ಕೂ ಸ್ಮೆಲ್. ಹೂವನ್ನು ಮೂಸಿದರೂ ಸ್ಮೆಲ್, ಗ್ಯಾಸ್ ವಾಸನೆ ಬಂದರೂ “ಐ ಕ್ಯಾನ್ ಸ್ಮೆಲ್ ಗ್ಯಾಸ್.” ಸಾಲದ್ದಕ್ಕೆ ಹೂವು ತಾನೇ ಘಮಘಮಿಸಿದರೂ ಸ್ಮೆಲ್! ಮಕ್ಕಳು ನಮ್ಮ ‘ವಾಸನೆ ಬರ್ತಾ ಇದೆ’ಯನ್ನು ಹಾಗೇ ಎತ್ತಿಕೊಂಡು “ಸ್ಮೆಲ್ ಈಸ್ ಕಮಿಂಗ್” ಅಂತಾರೆ. ಪಾಠ ಹೇಳುವವರು ಇದನ್ನು ಹೇಗೆ ಬಿಡಿಸಿ ಹೇಳ್ತೀರಿ? ನಿಮ್ಮ ಊರಿನ ಕನ್ನಡದಲ್ಲಿ ‘ಮೂಸು’ ಬದಲು ಬೇರೆ ಪದ ಇದ್ದರೆ ಅದನ್ನೂ ತಿಳಿಸಿ.