ಬಾದಾಮಿಯಲ್ಲಿ ಶನಿವಾರ-ಭಾನುವಾರ ಸುಮ್ಮನೆ ಇದ್ದು ಬರೋಕೆ ಒಳ್ಳೆ ಹೋಟೆಲ್ ಯಾವ್ದು?

ಮಲ್ಲೇಶ್ವರದ_ಸೊಸೆ:
ಎಲ್ಲರಿಗೂ ನಮಸ್ಕಾರ. ಡಿಸೆಂಬರ್‌ನಲ್ಲಿ ಅತ್ತೆ-ಮಾವನ್ನ ಕರ್ಕೊಂಡು ಬಾದಾಮಿಗೆ ಹೋಗೋಣ ಅಂತಿದ್ದೀವಿ. ಶುಕ್ರವಾರ ಬೆಂಗಳೂರಲ್ಲಿ ಗೋಲಗುಂಬಜ್ ಎಕ್ಸ್‌ಪ್ರೆಸ್ ಹತ್ತೋದು, ಭಾನುವಾರ ರಾತ್ರಿ ಅದೇ ರೈಲಿಗೆ ವಾಪಸ್. ಅತ್ತೆಗೆ ಮಂಡಿನೋವು. ಮಾವ ರಿಟೈರ್ಡ್ ಹಿಸ್ಟರಿ ಮೇಷ್ಟ್ರು, ಈಗಾಗಲೇ ಪಟ್ಟಿ ಬರೆದಿಟ್ಟಿದ್ದಾರೆ. ನನಗೆ ಮತ್ತೆ ನಮ್ಮೆಜಮಾನ್ರಿಗೆ ಬೇಕಿರೋದು ಒಳ್ಳೆ ಹಾಸಿಗೆ, ಪೂಲು, ಯಾರೂ ಎಬ್ಬಿಸದ ಒಂದು ಮಧ್ಯಾಹ್ನ. ಎರಡು ರೂಮು, ರೂಮಿಗೆ ಎಂಟು ಸಾವಿರದವರೆಗೆ ಕೊಡಬಹುದು. ಅಷ್ಟು ಕೊಟ್ಟಿದ್ದಕ್ಕೆ ಆ ಊರಲ್ಲಿ ತಕ್ಕ ಹೋಟೆಲ್ ಸಿಗುತ್ತಾ? ಅಥವಾ ಹಂಪಿ ಕಡೆ ಹೋಗೋದೇ ವಾಸಿನಾ?

ತುಮಕೂರು_ತಿರುಗಾಟ:
ಹೋಟೆಲಲ್ಲಿ ಮಲಗೋಕೆ ರಾತ್ರಿಯೆಲ್ಲ ರೈಲಲ್ಲಿ ಹೋಗ್ಬೇಕಾ ಮೇಡಂ? ಕೆಎಸ್‌ಟಿಡಿಸಿ ಮಯೂರ ಚಾಲುಕ್ಯದಲ್ಲಿ ರೂಮ್ ಹಾಕಿ, ಉಳಿದ ದುಡ್ಡಲ್ಲಿ ಕಾರು ಮಾಡಿ ಐಹೊಳೆ, ಪಟ್ಟದಕಲ್ಲು, ಮಹಾಕೂಟ, ಕೂಡಲಸಂಗಮ ಎಲ್ಲಾ ಒಂದೇ ದಿನದಲ್ಲಿ ಮುಗಿಸಿ.

ಬನಶಂಕರಿ_ರೋಡ್:
ಅಕ್ಕಾರ, ಮ್ಯಾಲಿನವರ ಮಾತು ಕೇಳಬ್ಯಾಡ್ರಿ. ನಾ ಬಾದಾಮ್ಯಾಗ ಇಂಥಾದ ಒಂದು ಹೋಟೆಲ್‌ನ ರಿಸೆಪ್ಷನ್ನಿನ್ಯಾಗ ಕೆಲಸಾ ಮಾಡಿದಾಂವ, ಈಗ ಬಾಗಲಕೋಟಿಗೆ ಬಂದೇನಿ. ಎಲ್ಲಾ ಒಂದ ದಿನದಾಗ ಮುಗಸ್ತೀವಿ ಅಂತ ಹೋದವರು ರಾತ್ರಿ ಹೆಂಗ ಬರ್ತಿದ್ರು ಅನ್ನೂದು ಕೌಂಟರಿನ್ಯಾಗ ನಿಂತು ನೋಡೇನ್ರಿ. ಮಾರಿ ತುಂಬ ಧೂಳು, ಗಂಡ-ಹೆಂಡ್ತಿ ಮಾತಿಲ್ಲ, ಪೂಲ್ ಬಂದ್ ಆಗಿರ್ತಿತ್ತು. ಕೊಟ್ಟ ರೊಕ್ಕ ಪೂರಾ ನೀರಾಗ.

ಬಾದಾಮ್ಯಾಗ ನೀವು ರೊಕ್ಕಾ ಕೊಡೂದು ಮಧ್ಯಾಹ್ನಕ್ಕ. ಮುಂಜಾನೆ ಮತ್ತ ಸಂಜಿಕ ಊರು ನೋಡ್ರಿ, ನಡುವಿನ ಹೊತ್ತು ಹೋಟೆಲ್‌ನ್ಯಾಗ ಇರ್ರಿ. ಡಿಸೆಂಬರ್ ಅಂದ್ರ ಸಾಲಿ ಟ್ರಿಪ್ಪಿನ ಸೀಜನ್ನು. ಹೊತ್ತು ಏರಿದ ಮ್ಯಾಲೆ ಗುಹೆ ಮುಂದ ಬಸ್ಸಿನ ಸಾಲ ನಿಂತಿರ್ತಾವು, ಹುಡುಗೂರ ಸೀಟಿ, ಮಾಸ್ತರ ಒದರಾಟ. ಬಾಗಿಲಾ ತಗದ ಕೂಡ್ಲೇ ಹೋಗಿಬಿಡ್ರಿ. ಅತ್ತಿಯವ್ರಿಗೆ ಒಂದನೇ ಗುಹೆ ಸಾಕು, ಹದಿನೆಂಟು ಕೈಯಿನ ನಟರಾಜ ಅಲ್ಲೇ ಅದಾನು. ಮಾವನವ್ರು ಮೂರನೇದಕ್ಕ ಹತ್ತಲಿ, ಚಾಲುಕ್ಯರ ಮಂಗಳೇಶನ ಕ್ರಿ.ಶ. 578ರ ಶಾಸನ ಅಲ್ಲೈತಿ. ಸಂಜಿಮುಂದ ಅಗಸ್ತ್ಯ ತೀರ್ಥದ ದಂಡಿ ಹಿಡದು ಭೂತನಾಥ ಗುಡಿತನಾ ನಡೀರಿ, ಮಂಡಿಗೆ ತ್ರಾಸ ಇಲ್ಲ. ಬಿಸಲು ಇಳಿಯೂ ಹೊತ್ತಿಗೆ ಕಲ್ಲಿನ ಗುಡ್ಡ ಕೆಂಪು ಹೊಡೀತೈತಿ. ಶುಕ್ರವಾರ ಮ್ಯೂಸಿಯಂ ರಜಾ, ಆದ್ರ ನೀವು ಬರೂದು ಶನಿವಾರ, ಅಡ್ಡಿಯಿಲ್ಲ.

ಈಗ ಹೋಟೆಲ್ ವಿಷಯ. ಹೆಸರು ಹೇಳಂಗಿಲ್ಲ, ಪೂಲು-ಲಾನು ಇರೂ ಹೋಟೆಲ್ ಊರಾಗ ಭಾಳ ಇಲ್ಲ, ಫೋನ್ ಹಚ್ಚಿದ್ರ ನಿಮಗ ತಿಳೀತೈತಿ. ಕೇಳಬೇಕಾದ್ದು ಬ್ಯಾರೇನ ಐತಿ. ಮೊದಲನೇದ್ದು, "ಆ ದಿನ ನಿಮ್ಮ ಲಾನ್‌ನ್ಯಾಗ ಲಗ್ನ, ರಿಸೆಪ್ಷನ್ ಏನರ ಐತೇನು?" ಅಂತ ಕೇಳ್ರಿ. ಸಣ್ಣ ಊರಾಗ ಚೊಲೋ ಹೋಟೆಲ್ ಅಂದ್ರ ಅದ ಮದವಿ ಮನಿನೂ ಹೌದು. ನಮ್ಮಲ್ಲಿ ಒಮ್ಮೆ ಬೆಂಗಳೂರಿನ ಒಬ್ಬ ಹಿರ್ಯಾರು ಡಿಜೆ ಸಪ್ಪಳಕ್ಕ ರಾತ್ರಿ ಉಟ್ಟ ಲುಂಗಿಯಾಗ ಕೌಂಟರಿಗೆ ಬಂದು ನಿಂತಿದ್ರು. ನಾ ಏನು ಮಾಡ್ಲಿ, ಮದವಿ ಮಾಲೀಕರ ಬೀಗರ ಪೈಕಿದು! ಡಿಸೆಂಬರ್ ಹದಿನಾರರ ಆಸುಪಾಸಿಗೆ ಧನುರ್ಮಾಸ ಹಿಡೀತೈತಿ, ಆಮ್ಯಾಲೆ ಲಗ್ನ ಇರಂಗಿಲ್ಲ. ತಾರೀಖು ಅದಕ್ಕ ಹೊಂದಿಸ್ಕೋರಿ. ಬನದ ಹುಣ್ಣಿಮಿಗೆ ಬನಶಂಕರಿ ಜಾತ್ರಿ ಸುರು ಆದ್ರ ರೂಮ್ ಸಿಗೂದು ಕಷ್ಟ.

ಎರಡನೇದ್ದು, ನಿಮ್ಮ ರೈಲು ನಸಿಕಿನ್ಯಾಗ ಇಳಸ್ತೈತಿ, ಚೆಕ್-ಇನ್ ಇರೂದು ಮಧ್ಯಾಹ್ನ. ಅತ್ತಿಯವ್ರನ್ನ ಲಾಬಿ ಸೋಫಾದ ಮ್ಯಾಲೆ ಅಷ್ಟೊತ್ತು ಕೂಡಸಾಕ ಆಗ್ತೈತೇನು? ಆ್ಯಪಿನ್ಯಾಗ ಬುಕ್ ಮಾಡಿ ರಿಕ್ವೆಸ್ಟ್ ಹಾಕಿದ್ರ ಅದನ್ನ ಯಾರೂ ಓದಂಗಿಲ್ಲ, ನಾ ಓದ್ತಿರಲಿಲ್ಲ. ನೇರ ಫೋನ್ ಮಾಡಿ ಮ್ಯಾನೇಜರ್ ಹತ್ರ ಮಾತಾಡ್ರಿ: ಬೆಳಿಗ್ಗೆ ಒಂದು ರೂಮ್ ಬೇಗ ಕೊಡ್ರಿ, ಭಾನುವಾರ ಒಂದು ರೂಮ್ ಸಂಜಿತನಾ ಇಟ್ಕೋತೀವಿ ಅಂತ. ಅರ್ಧ ದಿನದ ಬಾಡಿಗಿಗೆ ಬಹುತೇಕ ಒಪ್ತಾರ.

ಬಾಲ್ಕನಿ ರೂಮ್ ತಗೊಂಡ್ರ ಬಾಗಿಲಾ ಚಿಲಕಾ ಹಾಕೂದು ಮರೀಬ್ಯಾಡ್ರಿ. ಮಂಗ್ಯಾ ಬರ್ತಾವ. ಜಳಕಾ ಮಾಡಿ ಬರೂದ್ರಾಗ ಬಾಳಿಹಣ್ಣು ಅಷ್ಟ ಅಲ್ಲ, ಚಹಾ ಟ್ರೇದಾಗಿನ ಸಕ್ರಿ ಪೊಟ್ಟಣ ಸೈತ ಇರಂಗಿಲ್ಲ.

ನಾಷ್ಟಾ ಬಫೆ ಅಂದ್ರ ಇಡ್ಲಿ, ಪೂರಿ, ಬ್ರೆಡ್ಡು-ಜಾಮು. ಅಡಗಿಮನಿ ಹುಡುಗೂರು ತಮಗ ಮಾಡ್ಕೋಳೂದು ಸೂಸಲಾ, ಮಿರ್ಚಿ. ರಾತ್ರಿನ ಹೇಳಿದ್ರ ನಿಮಗೂ ಮಾಡಿಕೊಡ್ತಾರ. ಮಧ್ಯಾಹ್ನದ ಊಟ ಮಾತ್ರ ಒಂದು ಹೊತ್ತು ಹೊರಗ ಮಾಡ್ರಿ. ಬನಶಂಕರಿ ಐದು ಕಿಲೋಮೀಟರ್. ಹೊಂಡದ ಕಡೆ ಹೆಣ್ಮಕ್ಕಳು ಬುಟ್ಟಿ ಹೊತ್ಕೊಂಡು ಬರ್ತಾರ, ಜ್ವಾಳದ ರೊಟ್ಟಿ, ಕಾಳಪಲ್ಯ, ಶೇಂಗಾ ಹಿಂಡಿ, ಕೆಂಪು ಖಾರ, ಮಣ್ಣಿನ ಕುಡಿಕ್ಯಾಗಿನ ಮೊಸರು. ಅದರ ಮುಂದ ಹೋಟೆಲ್ ಪನೀರ್ ಬಟರ್ ಮಸಾಲಾ ಏನೂ ಅಲ್ಲ.

ಲೆಕ್ಕದ_ಪುಸ್ತಕ:
ದುಡ್ಡಿನ ಬಗ್ಗೆ ಒಂದು ಮಾತು. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂ.ವರೆಗಿನ ರೂಮಿಗೆ ಜಿಎಸ್‌ಟಿ ಶೇ. 5, ಅದಕ್ಕಿಂತ ಮೇಲೆ ಶೇ. 18. ಅಂದರೆ 7,500ರ ರೂಮಿಗೆ ಒಟ್ಟು 7,875, 7,800ರ ರೂಮಿಗೆ 9,204. ಬಾಡಿಗೆಯಲ್ಲಿ 300 ವ್ಯತ್ಯಾಸ, ಬಿಲ್ಲಲ್ಲಿ 1,329. ನಿಮ್ಮ ಬಜೆಟ್ ಸರಿಯಾಗಿ ಆ ಗೆರೆ ಮೇಲಿದೆ. ಚೌಕಾಸಿ ಮಾಡೋದಾದ್ರೆ 7,500ಕ್ಕೆ ಇಳಿಸೋಕೆ ನೋಡಿ.

ಮಲ್ಲೇಶ್ವರದ_ಸೊಸೆ:
ಅಯ್ಯೋ, ಇದು ಗೊತ್ತೇ ಇರ್ಲಿಲ್ಲ, ಥ್ಯಾಂಕ್ಸ್. ಬನಶಂಕರಿ ರೋಡ್ ಅವರೇ, ಎಲ್ಲಾ ಓದಿ ಹೇಳ್ದೆ. ಅತ್ತೆ ಖುಷಿಯಾಗಿ ಖಣದ ಬಟ್ಟೆ ಎಲ್ಲಿ ಸಿಗುತ್ತೆ ಅಂತಿದ್ದಾರೆ. ಮಾವ ಮಾತ್ರ ಐಹೊಳೆ ಬಿಡೋಕೆ ತಯಾರಿಲ್ಲ. ಎಲ್ಲರೂ ಜೊತೆಗೇ ಹೋಗ್ಬೇಕು ಅಂತ ಹಟ. ಏನ್ಮಾಡೋದು?

ಬನಶಂಕರಿ_ರೋಡ್:
ಪಟ್ಟದಕಲ್ಲಿಗೆ ಭಾನುವಾರ ಮುಂಜಾನೆ ಎಲ್ಲಾರೂ ಹೋಗ್ರಿ, ಇಪ್ಪತ್ತೆರಡು ಕಿಲೋಮೀಟರ್ ಅಷ್ಟ. ಮಲಪ್ರಭಾ ದಂಡಿ, ಸಪಾಟ ಜಾಗಾ, ಗುಡಿ ಎಲ್ಲಾ ಒಂದ ಆವಾರದಾಗ, ಅತ್ತಿಯವ್ರು ಗಿಡದ ನೆರಳಾಗ ಕೂತ ನೋಡಬಹುದು. ಚಾಲುಕ್ಯರ ರಾಣಿ ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ ಗುಡಿ ಮುಂದ ನಿಂತು ಮಾವನವ್ರು ಆಕಿ ಗಂಡ ಎರಡನೇ ವಿಕ್ರಮಾದಿತ್ಯ ಕಂಚಿ ಗೆದ್ದ ಕಥಿ ಹೇಳಲಿ, ನೀವೂ ಹೂಂ ಅನ್ರಿ. ಅಲ್ಲಿಂದ ಮಾವನವ್ರು, ಯಜಮಾನ್ರು ಬ್ಯಾರೆ ಗಾಡಿ ಮಾಡ್ಕೊಂಡು ಐಹೊಳಿಗೆ ಹೋಗಲಿ. ನೀವಿಬ್ಬರೂ ತಿರುಗಿ ಹೋಟೆಲ್‌ಗೆ ಬರ್ರಿ. ಪೂಲಿನ ನೀರು ಮುಂಜಾನೆ ಕೊರೀತೈತಿ, ಹನ್ನೆರಡರ ಮ್ಯಾಲೆ ಇಳೀರಿ. ಎಲ್ಲಾರೂ ಐಹೊಳಿಗೆ ಬರ್ರಿ ಅಂತ ಮಾವನವ್ರು ಹಟಾ ಮಾಡಿದ್ರ ಡ್ರೈವರ್ ಹತ್ರ ಐಹೊಳಿ ರಸ್ತೆ ಭಾಳ ಕೆಟ್ಟೈತ್ರೀ ಅಂತ ಅನಸ್ರಿ, ನಾನೂ ಗೆಸ್ಟ್‌ಗಳಿಗೆ ಹಂಗ ಅಂತಿದ್ದೆ 😄

ಖಣಕ್ಕ ಗುಳೇದಗುಡ್ಡ. ಬಾದಾಮಿ ಪ್ಯಾಟ್ಯಾಗೂ ಸಿಗ್ತೈತಿ, ಆದ್ರ ಕೈಮಗ್ಗದ್ದು ಹೌದಿಲ್ಲೋ ನೋಡಿ ತಗೋರಿ. ಮತ್ತ ಸ್ಟೇಷನ್ನು ಊರಿಂದ ದೂರ ಐತಿ, ನಸಿಕಿನ್ಯಾಗ ಆಟೋದವ್ರು ಬಾಯಿಗೆ ಬಂದಷ್ಟು ಕೇಳ್ತಾರ. ರೂಮ್ ಬುಕ್ ಮಾಡೂ ಮುಂದ ಪಿಕಪ್ಪೂ ಹೇಳಿಬಿಡ್ರಿ.