ಪದಚರ್ಚೆ: ಒಂದೇ ಹೆಸರಿನ ಇಬ್ಬರನ್ನು ಏನೆನ್ನಬೇಕು?

ಪ್ರಶ್ನೆ: ಬೇರೆ ಬೇರೆ ಕ್ಷೇತ್ರಗಳಲ್ಲಿದ್ದು ಒಂದೇ ಹೆಸರುಳ್ಳವರಿಗೆ ಕನ್ನಡದಲ್ಲಿ ಒಂಟಿ ಪದ ಇದೆಯೆ? ‘ಸಮನಾಮಿ’ ನಡೆದೀತೆ? ಹೆಸರುಪಟ್ಟಿಯಲ್ಲಿ ಇಂಥವರನ್ನು ಬೇರ್ಪಡಿಸುವುದು ಹೇಗೆ?

ಉತ್ತರ: ‘ಸಮನಾಮಿ’ ತಪ್ಪೇನಲ್ಲ, ಆದರೆ ಕಿವಿಗೆ ‘ಸರ್ವನಾಮ’ದ ನೆಂಟನಂತೆ ಕೇಳುತ್ತದೆ. ‘ನಾಮಸಾಮ್ಯ’ ಹೇಳುವುದು ಸಂಗತಿಯನ್ನು, ಮನುಷ್ಯರನ್ನಲ್ಲ. ‘ತಾತನ ಹೆಸರಿನವನು’ ಎಂದರೆ ತಾತನ ನೆನಪಿಗೆ ಹೆಸರಿಟ್ಟವನು ಎಂದಾಗುತ್ತದೆ. ಆಡುಮಾತಿನ ‘ಅದೇ ಹೆಸರಿನ ಇನ್ನೊಬ್ಬರು’ ಎಂಬುದೇ ಬರವಣಿಗೆಗೂ ಸಾಕು.

ತೊಡಕು ಬರುವುದು ಬಹುವಚನದಲ್ಲಿ. ‘ಚಂದ್ರಶೇಖರರು ಬಂದರು’ ಎಂದರೆ ಬಂದವರು ಗೌರವಾನ್ವಿತರಾದ ಒಬ್ಬರೋ, ಆ ಹೆಸರಿನ ನಾಲ್ವರೋ? ಅಂಕಿತನಾಮಕ್ಕೆ ‘ಅರು’ ಹಚ್ಚಿದರೆ ಓದುಗ ಮೊದಲು ಹಿಡಿಯುವುದು ಗೌರವವನ್ನೇ. ಹಾಗಾಗಿ ‘ಇಬ್ಬರು’, ‘ಮೂವರು’ ಎಂದು ಎಣಿಕೆ ಸೇರಿಸಲೇಬೇಕು. ಅಪ್ಪ, ಅಯ್ಯ, ಅಣ್ಣ ಎಂದು ಮುಗಿಯುವ ಹೆಸರುಗಳಲ್ಲಿ ಅದೂ ಒಗ್ಗದು; ‘ಇಬ್ಬರು ಗುಂಡಪ್ಪನವರು’ ಎನ್ನುವ ಬದಲು ‘ಗುಂಡಪ್ಪ ಎಂಬ ಇಬ್ಬರು’ ಎನ್ನಿ.

ಇನ್ನು ಇನಿಷಿಯಲ್. ಬೇರ್ಪಡಿಸಲೆಂದೇ ಇರುವ ಈ ಅಕ್ಷರ ಕೆಲವೊಮ್ಮೆ ಗೊಂದಲವನ್ನು ಹೆಚ್ಚಿಸುತ್ತದೆ. ಎಸ್. ಚಂದ್ರಶೇಖರ್ ಎಂಬ ಭೌತವಿಜ್ಞಾನಿಗಳು ಇಬ್ಬರು. ನಕ್ಷತ್ರಗಳ ಅಧ್ಯಯನಕ್ಕೆ 1983ರಲ್ಲಿ ನೊಬೆಲ್ ಪಡೆದವರು ಸುಬ್ರಹ್ಮಣ್ಯನ್ ಚಂದ್ರಶೇಖರ್, ಸಿ. ವಿ. ರಾಮನ್ ಅವರ ಅಣ್ಣನ ಮಗ. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ, ಬಿಲ್ಲೆಯಾಕಾರದ ಅಣುಗಳೂ ದ್ರವಹರಳು (ಲಿಕ್ವಿಡ್ ಕ್ರಿಸ್ಟಲ್) ಆಗಬಲ್ಲವೆಂದು 1977ರಲ್ಲಿ ತೋರಿಸಿಕೊಟ್ಟ ತಂಡದ ಮುಂದಾಳು ಶಿವರಾಮಕೃಷ್ಣ ಚಂದ್ರಶೇಖರ್, ರಾಮನ್ ಅವರ ಸೋದರಳಿಯ. ಹೆಸರು, ಇನಿಷಿಯಲ್, ವಿಷಯ, ಮನೆತನದ ನಂಟು ಎಲ್ಲವೂ ಕೂಡಿಬಂದು ಲೇಖಕರನ್ನು ಎಡವಿಸುತ್ತವೆ. ಆದರೆ ಇಬ್ಬರನ್ನೂ ಒಂದು ಮಾಡಿದ್ದು ಇಂಗ್ಲಿಷಿನ ‘ಎಸ್’. ಕನ್ನಡದ ಅಕ್ಷರ ಹಿಡಿದರೆ ಒಬ್ಬರು ಸು. ಚಂದ್ರಶೇಖರ್, ಇನ್ನೊಬ್ಬರು ಶಿ. ಚಂದ್ರಶೇಖರ್. ತೀರ್ಥಪುರ ನಂಜುಂಡಯ್ಯ ಶ್ರೀಕಂಠಯ್ಯನವರು ತೀ. ನಂ. ಶ್ರೀ. ಆದದ್ದು ಇದೇ ದಾರಿಯಲ್ಲಿ. ಬಿ. ಎಂ. ಶ್ರೀ. ಅವರ ಹೆಸರೂ ಶ್ರೀಕಂಠಯ್ಯನೇ. ಇಬ್ಬರೂ ಕನ್ನಡದ ವಿದ್ವಾಂಸರಾದರೂ ಯಾರೂ ಕಲಸಿಬಿಡುವುದಿಲ್ಲ.

ಕ್ಷೇತ್ರ ಬೇರೆಯಾದರೆ ಕೆಲಸ ಹಗುರ. 58 ಟೆಸ್ಟ್‌ಗಳಲ್ಲಿ 242 ವಿಕೆಟ್ ಕಿತ್ತ ಮೈಸೂರಿನ ಬಿ. ಎಸ್. ಚಂದ್ರಶೇಖರ್ ಅವರಿಗೆ ‘ಲೆಗ್‌ಸ್ಪಿನ್ನರ್’ ಎಂಬ ವಿಶೇಷಣ ಸಾಕು. ಅದು ಹೆಸರಿಗಿಂತ ಮೊದಲು ಬರಲಿ; ‘ಅಂಗಡಿ ಸಿದ್ದಪ್ಪ, ಮಗ್ಗದ ಸಿದ್ದಪ್ಪ’ ಎನ್ನುವ ಹಳ್ಳಿಯ ವರಸೆಯೂ ಅದೇ ತಾನೆ. ಉತ್ತರ ಕರ್ನಾಟಕದವರಿಗೆ ಅಡ್ಡಹೆಸರೇ ಗುರುತು. ಪಟ್ಟಿಯಲ್ಲಿ ‘ಕಂಬಾರ, ಚಂದ್ರಶೇಖರ’ ಎಂದು ಕ-ಕಾರದಡಿ ಹಾಕಿ. ಮೇಲಿನ ಮೂವರು ಚ-ಕಾರದಡಿ ಇರಲಿ. ಆಗಲೂ ಇಬ್ಬರು ಒಂದೇ ಕಡೆ ಉಳಿದರೆ ಹುಟ್ಟಿದ ವರ್ಷ ಸೇರಿಸಿ.

ಕಂಪ್ಯೂಟರಿನಲ್ಲಿ ಹುಡುಕುವಾಗ ಕೊನೆಯ ಅರ್ಧಾಕ್ಷರದ ಗುರುತು ಬಿಟ್ಟು ‘ಚಂದ್ರಶೇಖರ’ ಎಂದಷ್ಟೇ ಕೊಡಿ. ‘ಚಂದ್ರಶೇಖರ್’ ಎಂದು ಕೊಟ್ಟರೆ ಕಂಬಾರರೂ ‘ಚಂದ್ರಶೇಖರಯ್ಯ’ಗಳೂ ಕೈತಪ್ಪಿ ಹೋಗುತ್ತಾರೆ.